ಸಮ ಬಿದ್ದ ಓಟು

ಮೂರನೇ ಸಲ ಎಣಿಸಿದರೂ ಅಂಕಿ ಅಲ್ಲಾಡಲಿಲ್ಲ. ಗೀತಮ್ಮನಿಗೆ ಇನ್ನೂರಾ ತೊಂಬತ್ತೇಳು ಓಟು. ಮರುಳಸಿದ್ದಮ್ಮನಿಗೂ ಇನ್ನೂರಾ ತೊಂಬತ್ತೇಳು.

ಕೂಡ್ಲಿಗಿಯ ಕಾಲೇಜೊಂದರ ಕೋಣೆಯಲ್ಲಿ, ಮೇಜಿನ ಆಚೆ ಕೂತಿದ್ದ ಚುನಾವಣಾಧಿಕಾರಿ ಮಾಸ್ಕನ್ನು ಗದ್ದಕ್ಕೆ ಇಳಿಸಿಕೊಂಡು ಅದನ್ನು ಎರಡು ಸಲ ಓದಿದರು. ಮೊದಲ ಸಲ ಗೀತಮ್ಮನಿಗೆ ಕೇಳಿಸಲೇ ಇಲ್ಲ. ಎರಡನೇ ಸಲ ಕೇಳಿಸಿದಾಗ ಬೆಂಚಿನ ಅಂಚು ಹಿಡಿದುಕೊಂಡಳು. ಗೆಲ್ಲುತ್ತೇನೆ ಅಂದುಕೊಂಡಿದ್ದಳು, ಸೋತರೂ ಸೋತೆ ಅಂತ ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು. ಸಮ ಬೀಳಬಹುದು ಅನ್ನುವುದು ಮಾತ್ರ ಕನಸಿನಲ್ಲೂ ಬಂದಿರಲಿಲ್ಲ.

ಕೊಟ್ಟೂರು ರಸ್ತೆಯಿಂದ ಎರಡು ಮೈಲಿ ಒಳಗಿರುವ ಹುಣಸಿಕಟ್ಟಿ ಅವಳ ಊರು. ಅಲ್ಲಿ ಹನ್ನೊಂದು ವರ್ಷದಿಂದ ಹಿಟ್ಟಿನ ಗಿರಣಿ ನಡೆಸುತ್ತಿದ್ದಳು. ಜೋಳ ಬೀಸಿಸಲು ಬಂದ ಹೆಂಗಸರು ತಮ್ಮ ಸರದಿ ಬರುವ ತನಕ ಕೂತು ಮನೆಯ ಕಷ್ಟವನ್ನೆಲ್ಲ ಹೇಳಿಕೊಳ್ಳುತ್ತಿದ್ದರು. ಯಾರದೋ ರೇಷನ್ ಕಾರ್ಡಿನಲ್ಲಿ ಸೊಸೆಯ ಹೆಸರು ಬಿಟ್ಟುಹೋಗಿದೆ, ಯಾರದೋ ಪಿಂಚಣಿ ನಿಂತಿದೆ. ಗೀತಮ್ಮ ಪಿಯುಸಿ ಓದಿದವಳು. ಮೈಮೇಲಿನ ಹಿಟ್ಟು ಕೊಡವಿಕೊಂಡು ಅರ್ಜಿ ಬರೆದುಕೊಡುತ್ತಿದ್ದಳು. ಕೊರೊನಾ ಬಂದ ಆ ವರ್ಷದ ಕೊನೆಗೆ ಪಂಚಾಯ್ತಿ ಚುನಾವಣೆ ಬಂತು, ವಾರ್ಡು ಹೆಂಗಸರಿಗೆ ಮೀಸಲಾಯಿತು, ನೀನೇ ನಿಲ್ಲು ಅಂತ ಗಿರಣಿಯ ಹೆಂಗಸರೇ ಗಂಟುಬಿದ್ದರು. ಎದುರಿಗೆ ನಿಂತಾಕೆ ಒಬ್ಬಳೇ: ಮೇಲಿನ ಓಣಿಯ ಮರುಳಸಿದ್ದಮ್ಮ, ಅರವತ್ತರ ಹತ್ತಿರದ ವಿಧವೆ, ನಲವತ್ತು ಕುರಿ ಸಾಕಿಕೊಂಡವಳು. ಇಬ್ಬರಿಗೂ ಒಂದು ದಿನವೂ ಮಾತಿಗೆ ಮಾತು ಬೆಳೆದದ್ದಿಲ್ಲ.

ಗೀತಮ್ಮನ ಗಂಡ ಯರ್ರಿಸ್ವಾಮಿ ಕೆಟ್ಟವನಲ್ಲ. ಕುಡಿತವಿಲ್ಲ, ಇಸ್ಪೀಟಿಲ್ಲ. ಆದರೆ ಅವನಿಗೆ ಅದೃಷ್ಟದ ಹುಚ್ಚು. ಮನುಷ್ಯನ ಅದೃಷ್ಟ ಎಲ್ಲೋ ಒಂದು ಕಡೆ ಸಿಕ್ಕಿಹಾಕಿಕೊಂಡಿರುತ್ತದೆ, ಬಲ್ಲವರು ಅದನ್ನು ಬಿಡಿಸಬಲ್ಲರು ಅಂತ ನಂಬಿದವನು. ಹರಪನಹಳ್ಳಿಯಲ್ಲಿ ಅಂಕಿ ಕೂಡಿಸಿ ಭವಿಷ್ಯ ಹೇಳುವ ಗುರುಗಳೊಬ್ಬರು ಅವನಿಗೆ ಸಿಕ್ಕಿದ್ದರು. ಅವರು ಹೇಳಿದರೆಂದು ಗಿರಣಿಯ ಬಾಗಿಲನ್ನು ಪಡುವಣದಿಂದ ಮೂಡಣಕ್ಕೆ ಒಡೆಸಿದ. ಮೊಬೈಲ್ ನಂಬರು ಬದಲಾಯಿತು. ಚುನಾವಣೆಯ ಕರಪತ್ರದಲ್ಲಿ ಹೆಂಡತಿಯ ಹೆಸರಿಗೆ ಒಂದು ದೀರ್ಘ ಸೇರಿ 'ಗೀತಮ್ಮಾ' ಆಯಿತು. ಗೀತಮ್ಮ ನಕ್ಕು ಸುಮ್ಮನಾಗಿದ್ದಳು. ಹಾಗಂತ ಅವಳೇನೂ ಪೂರಾ ನಂಬದವಳಲ್ಲ. ಎಣಿಕೆಯ ದಿನ ಗುರುಗಳು ಹೇಳಿದ ಹಸಿರು ಸೀರೆಯನ್ನೇ ಉಟ್ಟು ಬಂದಿದ್ದಳು.

ಎಣಿಕೆಯ ಏಜೆಂಟನಾಗಿ ಪಕ್ಕದಲ್ಲೇ ಕೂತಿದ್ದ ಯರ್ರಿಸ್ವಾಮಿ ಅವಳ ಕಿವಿಗೆ ಬಾಗಿದ.

"ಎರಡು, ಒಂಬತ್ತು, ಏಳು. ಕೂಡಿಸಿ ನೋಡು. ಹದಿನೆಂಟು. ಒಂದು, ಎಂಟು ಕೂಡಿದ್ರ ಒಂಬತ್ತು! ಗುರುಗಳು ಹೇಳಿದ ನಿನ್ನ ಅಂಕಿ ಬಂದೈತಿ, ಲೇ!"

"ಅಕ್ಕಂದೂ ಅಷ್ಟ ಬಂದೈತಲ್ರಿ."

"ಆಕಿಗೆ ಒಂಬತ್ತು ಹೊಂದಂಗಿಲ್ಲ," ಅಂದ ಅವನು, ಗಟ್ಟಿ ನಂಬಿಕೆಯಿಂದ.

ಕಾನೂನಿನಂತೆ ಚೀಟಿ ಎತ್ತುವುದು ಅಂತಾಯಿತು. ಅಧಿಕಾರಿ ಒಂದೇ ಅಳತೆಯ ಎರಡು ಕಾಗದ ಕತ್ತರಿಸಿ, ಇಬ್ಬರಿಗೂ ತೋರಿಸಿ ಹೆಸರು ಬರೆದು, ನಾಲ್ಕು ಮಡಿಕೆ ಮಾಡಿ ಸ್ಟೀಲ್ ಡಬ್ಬಿಗೆ ಹಾಕಿ ಅಲುಗಿಸಿದರು. ಕಚೇರಿಯ ಜವಾನಿ ಬೊಮ್ಮಮ್ಮನನ್ನು ಕರೆದು ಒಂದು ತೆಗೆಯಲು ಹೇಳಿದರು. ಆಕೆ ಸೆರಗಿಗೆ ಕೈ ಒರೆಸಿಕೊಂಡು, ಮುಖ ಆಚೆ ತಿರುಗಿಸಿ, ಡಬ್ಬಿಯೊಳಗೆ ಬೆರಳಾಡಿಸಿದಳು. ಗೀತಮ್ಮ ಆ ಕೈಯನ್ನೇ ನೋಡುತ್ತಿದ್ದಳು. ಮೂರು ವಾರ ಮನೆಮನೆ ಸುತ್ತಿದ್ದು, ಗಂಟಲು ಹರಿದುಕೊಂಡಿದ್ದು, ಎಲ್ಲ ಈಗ ಒಬ್ಬ ಗುರುತಿಲ್ಲದ ಹೆಂಗಸಿನ ಎರಡು ಬೆರಳಿಗೆ ಬಂದು ನಿಂತಿತ್ತು.

"ಗೀತಮ್ಮ," ಅಂತ ಓದಿದರು ಅಧಿಕಾರಿ.

ಅವಳು ಯಾರನ್ನೋ ಕರೆಯುತ್ತಿದ್ದಾರೆ ಅನ್ನುವಂತೆ ಸುತ್ತ ನೋಡಿದಳು. ಯರ್ರಿಸ್ವಾಮಿ ಕುರ್ಚಿ ಬೀಳಿಸಿ ಎದ್ದ. ಮರುಳಸಿದ್ದಮ್ಮ ಮಾತ್ರ ಕೂತಲ್ಲಿಂದ ನಿಧಾನಕ್ಕೆ ಎದ್ದು ಬಂದು, ಗೀತಮ್ಮನ ತಲೆಯ ಮೇಲೆ ಒಂದು ಕ್ಷಣ ಕೈಯಿಟ್ಟು, ಹೊರಗೆ ನಡೆದಳು.

ಊರಿಗೆ ಹೊರಟ ಲಗೇಜ್ ಗಾಡಿಯ ಹಿಂದೆ ಹದಿನೈದು ಜನ ತುಂಬಿದ್ದರು. ಎಲ್ಲರ ಮುಖಕ್ಕೂ ಗುಲಾಲು. ಗುಂಡಿ ಬಂದಾಗಲೆಲ್ಲ ಎಲ್ಲರೂ ಕಬ್ಬಿಣದ ಕಂಬಿಯನ್ನು ಬಿಗಿಯಾಗಿ ಹಿಡಿಯುತ್ತಿದ್ದರು. ಗೀತಮ್ಮನ ಕಣ್ಣು ಆ ಕೈಗಳ ಸಾಲಿನ ಮೇಲೆ ಹರಿಯಿತು. ಓಟು ಹಾಕಿ ಮೂರೇ ದಿನ ಆಗಿದ್ದರಿಂದ ಎಲ್ಲರ ಎಡಗೈ ತೋರುಬೆರಳಿನ ಮೇಲೂ ಶಾಯಿಯ ಕಪ್ಪು ಗೆರೆ ಇನ್ನೂ ಹಾಗೇ ಇತ್ತು. ಇವರೆಲ್ಲ ನನಗಾಗಿ ಸಾಲಿನಲ್ಲಿ ನಿಂತವರು ಅಂತ ಅವಳಿಗೆ ಕಣ್ಣು ತುಂಬಿ ಬಂತು. ಹಾಗೆ ಒಂದೊಂದೇ ಬೆರಳು ನೋಡುತ್ತಾ ಬಂದವಳ ಕಣ್ಣು ತನ್ನ ಪಕ್ಕದ ಕೈಯ ಮೇಲೆ ನಿಂತಿತು.

ಬೆರಳು ಸ್ವಚ್ಛವಾಗಿತ್ತು. ಕೈ ಅವಳ ಗಂಡನದು.

ತೊಳೆದರೆ ಹೋಗುವ ಶಾಯಿ ಅಲ್ಲ ಅದು. ಅವಳು ಮತ್ತೆ ನೋಡಿದಳು. ಅವನ ಬಲಗೈಯನ್ನೂ ಹಿಡಿದು ತಿರುಗಿಸಿ ನೋಡಿದಳು.

"ರೀ, ನಿಮ್ಮ ಶಾಯಿ ಎಲ್ಲಿ?"

ಯರ್ರಿಸ್ವಾಮಿ ಅಂಜಲಿಲ್ಲ, ಅಳುಕಲಿಲ್ಲ. ಗುಟ್ಟು ಹೇಳಲು ಇಷ್ಟು ಹೊತ್ತು ಕಾದಿದ್ದವನಂತೆ ಅವಳ ಕಡೆ ವಾಲಿದ.

"ಯಾರ ಮುಂದೂ ಹೇಳಬ್ಯಾಡ ಅಂದಿದ್ರು ಗುರುಗಳು. ಇವತ್ತು ಹೇಳಬಹುದು. ಓಟಿನ ದಿನ ನೀನು ಹೊಸ್ತಿಲ ದಾಟಿದ ಮ್ಯಾಲೆ ನಾನು ದೀಪ ಹಚ್ಚಿಕೊಂಡು ಕೂಡಬೇಕು, ಹೊತ್ತು ಮುಳುಗೋ ತನಕ ನಾನೂ ಹೊಸ್ತಿಲ ದಾಟಬಾರದು, ದೀಪಾನೂ ಆರಬಾರದು ಅಂದಿದ್ರು. ಒಂದು ಹನಿ ನೀರು ಕುಡಿದಿಲ್ಲ ನೋಡು."

"ಅಂದ್ರ... ನೀವು ಓಟು ಹಾಕಿಲ್ಲ?"

"ಒಂದು ಓಟಿಗೆ ಏನಾಗ್ತೈತಿ, ಹುಚ್ಚಿ? ಅದೃಷ್ಟ ಕೂಡಿಬಂದ್ರ ನೂರು ಓಟು ತಾವಾಗೇ ಬರ್ತಾವು."

ಗೀತಮ್ಮ ಅವನ ಮುಖವನ್ನೇ ನೋಡಿದಳು. ಓಟಿನ ದಿನ ಮುಂಜಾನೆ ಏಳರಿಂದ ಸಂಜೆ ಐದರ ತನಕ ಅವಳು ಶಾಲೆಯ ಹೊರಗೆ ಬಿಸಿಲಲ್ಲಿ ಕೈಮುಗಿದುಕೊಂಡು ನಿಂತಿದ್ದಳು. ಗಂಡ ಕಾಣಿಸದಿದ್ದಾಗ, ಯಾರನ್ನೋ ಕರೆತರಲು ಹೋಗಿರಬೇಕು, ತಾನು ಆಚೀಚೆ ಆದಾಗ ಬಂದು ಹಾಕಿ ಹೋಗಿರಬೇಕು ಅಂದುಕೊಂಡಿದ್ದಳು. ಎದ್ದು ನಡೆಯಲಾಗದ ಗಿಡ್ಡಮ್ಮಜ್ಜಿಯನ್ನು ಮೊಮ್ಮಗಳು ಸೈಕಲ್ಲಿನ ಮೇಲೆ ಕೂರಿಸಿ ತಳ್ಳಿಕೊಂಡು ಬಂದು ಓಟು ಹಾಕಿಸಿದ್ದಳು. ಅದೇ ಹೊತ್ತಿಗೆ ಅವಳ ಗಂಡ ಗಟ್ಟಿಮುಟ್ಟಾಗಿ, ನಾಲ್ಕು ಮನೆಯಾಚೆ, ದೀಪದ ಮುಂದೆ ಕೂತಿದ್ದ.

"ನಿಮ್ಮದೊಂದು ಬಿದ್ದಿದ್ರ ಈ ಚೀಟಿನ ಬೇಕಾಗಿದ್ದಿಲ್ಲ," ಅಂದಳು.

"ಆದ್ರ ಚೀಟಿ ಬಂದಿದ್ದು ಯಾರ ಹೆಸರಿಗೆ?" ಅಂದು ಅವನು ಹಲ್ಲು ಬಿಟ್ಟು ನಕ್ಕ. ಅವಳು ಅವನ ಕಡೆಯಿಂದ ತಿರುಗಿ ಕಂಬಿ ಹಿಡಿದುಕೊಂಡಳು.

ಮರುದಿನದಿಂದ ಅವಳ ಮನೆಯ ಅಂಗಳ ತುಂಬತೊಡಗಿತು. ಓಟು ಸಮ ಬಿದ್ದು ಚೀಟಿಯಲ್ಲಿ ಗೆದ್ದವಳೆಂದರೆ ಸಾಮಾನ್ಯದವಳಲ್ಲ ಅಂತ ಸುದ್ದಿ ಹಬ್ಬಿತ್ತು. ಬೋರ್ ಹಾಕಿಸಲು ಹೊರಟಿದ್ದ ದುರುಗಪ್ಪ ತೆಂಗಿನಕಾಯಿ ತಂದು, "ಇದನ್ನ ಒಂದೀಟು ಮುಟ್ಟಿಕೊಡ್ರಿ, ಮೆಂಬರ್ರ," ಅಂದ. ಎರಡು ಸಲ ಪೊಲೀಸ್ ಪರೀಕ್ಷೆ ಬರೆದು ಪಾಸಾಗದ ಹುಡುಗಿಯೊಬ್ಬಳು ಪೆನ್ನು ತಂದಿದ್ದಳು. ಬಾಣಂತಿಯೊಬ್ಬಳು ಕೂಸನ್ನೇ ಮಡಿಲಿಗೆ ಹಾಕಿದಳು. ಯರ್ರಿಸ್ವಾಮಿ ಬೇವಿನ ಗಿಡದ ಕೆಳಗೆ ಕುರ್ಚಿ ಹಾಕಿ, ಬಂದವರನ್ನು ಸಾಲು ಹಚ್ಚುತ್ತಿದ್ದ. ಗೀತಮ್ಮ ಕೂಸಿನ ಮುಖ ನೋಡಿದಳು. ಈ ಕೈಯಲ್ಲಿ ಏನೂ ಇಲ್ಲ ತಾಯಿ ಅನ್ನಬೇಕೆನಿಸಿತು, ಆದರೆ ಬಾಣಂತಿಯ ಕಣ್ಣಲ್ಲಿದ್ದ ಆಸೆ ಕಂಡು ಕೂಸಿನ ತಲೆ ಸವರಿ ಕೊಟ್ಟಳು. ಮೂರನೇ ದಿನ ಅವಳಿಂದ ಅಲ್ಲಿ ಕೂರಲಾಗಲಿಲ್ಲ. ಹಿತ್ತಲ ಬಾಗಿಲಿಂದ ಎದ್ದು ಮೇಲಿನ ಓಣಿಗೆ ನಡೆದಳು.

ಮರುಳಸಿದ್ದಮ್ಮ ಹಟ್ಟಿಯ ಬೇಲಿಯ ಹತ್ತಿರ ಒಂದು ಕುರಿಯನ್ನು ಮೊಣಕಾಲ ನಡುವೆ ಒತ್ತಿ ಹಿಡಿದು, ಅದರ ಬೆಳೆದ ಗೊರಸು ಕೊರೆಯುತ್ತಿದ್ದಳು.

"ಬಾ ತಂಗಿ, ಕೂಡು. ಮೆಂಬರು ನಮ್ಮ ಹಟ್ಟಿಗೆ ಬಂದ್ಯಲ್ಲ."

ಗೀತಮ್ಮ ಕೂರಲಿಲ್ಲ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತು, ಇದ್ದದ್ದನ್ನು ಇದ್ದಹಾಗೆ ಅಂದುಬಿಟ್ಟಳು.

"ಯಕ್ಕ, ನಮ್ಮ ಮನಿಯವರು ಓಟು ಹಾಕಿಲ್ಲ. ದೀಪದ ಮುಂದ ಕುಂತಿದ್ರಂತ. ಜನ ನನ್ನ ಅದೃಷ್ಟವಂತಿ ಅಂತಾರ. ನನ್ನ ಗಂಡನ ಓಟೂ ಸಿಗದಾಕಿ ನಾನು ಎಂಥ ಅದೃಷ್ಟವಂತಿ?"

ಮರುಳಸಿದ್ದಮ್ಮ ಕೊರೆಯುವುದನ್ನು ನಿಲ್ಲಿಸಿದಳು. ಮೊದಲು ಅವಳ ಹೊಟ್ಟೆ ಕುಲುಕಿತು, ಆಮೇಲೆ ನಗು ಬಾಯಿಗೆ ಬಂತು. ನಗುತ್ತಾ ನಗುತ್ತಾ ಕುರಿಯನ್ನು ಬಿಟ್ಟುಬಿಟ್ಟಳು. ಅದು ಕುಂಟುತ್ತಾ ಓಡಿತು.

"ನಿನ್ನ ಗಂಡ ಹೋಗಲಿ ಬಿಡವ್ವ. ನಾನೂ ನನಗ ಹಾಕಿಲ್ಲ."

"ಏನಂದಿ?"

"ನಿನಗ ಹಾಕೀನಿ."

ಗೀತಮ್ಮ ಬೇಲಿಯ ಗೂಟ ಹಿಡಿದುಕೊಂಡಳು.

"ಚೀಟಿ ಕೊಟ್ರು, ಸೀಲು ಕೊಟ್ರು, ಒಳಗ ಹೋಗಿ ನಿಂತೆ. ಇದ್ದದ್ದು ಎರಡೇ ಗುರುತು. ನನ್ನ ಗುರುತಿನ ಮುಂದ ನಾನ ಸೀಲು ಒತ್ತಿಕೊಳ್ಳೋದು ಅಂದ್ರ... ಎಂಥದೋ ನಾಚಿಕಿ ಆತು ನೋಡು. ಉಣ್ಣಾಕ ಕೂತಲ್ಲಿ ನನಗ ದೊಡ್ಡ ತುತ್ತು ನಾನ ಹಾಕ್ಕೊಂಡಂಗ. ಉಳಿದದ್ದು ನೀನೊಬ್ಬಾಕಿ."

"ಅಷ್ಟಕ್ಕ?"

"ಸುಳ್ಳು ಯಾಕ ಹೇಳಲಿ, ಅಷ್ಟಕ್ಕ. ಆದ್ರ ನಿನ್ನ ಬದಲಿಗೆ ಬ್ಯಾರೆ ಯಾರಾರ ನಿಂತಿದ್ರ, ನಾಚಿಕಿ ನುಂಗಿಕೊಂಡು ನನಗ ಒತ್ತಿಕೊಳ್ತಿದ್ದೆ. ಸಿಡಿಲಿಗೆ ನನ್ನ ಕುರಿ ಸತ್ತಾಗ ಪರಿಹಾರದ ಅರ್ಜಿ ಹಿಡ್ಕೊಂಡು ಕೂಡ್ಲಿಗಿಗೆ ಮೂರು ಸಲ ಬಂದಾಕಿ ಅಲ್ಲೇನು ನೀನು. ನಿನಗ ಒತ್ತಿದ್ರ ಏನಾತು ಅನ್ನಿಸ್ತು."

ಗೀತಮ್ಮ ಮನಸ್ಸಿನಲ್ಲೇ ಕೂಡಿಸಿದಳು, ಕಳೆದಳು. ಮರುಳಸಿದ್ದಮ್ಮ ತನ್ನ ಓಟನ್ನು ತಾನೇ ಹಾಕಿಕೊಂಡಿದ್ದರೆ ಆಕೆಗೆ ಇನ್ನೂರಾ ತೊಂಬತ್ತೆಂಟು, ತನಗೆ ಇನ್ನೂರಾ ತೊಂಬತ್ತಾರು. ಗಂಡ ಬಂದು ಹಾಕಿದ್ದರೂ ತನಗೆ ತೊಂಬತ್ತೇಳೇ. ಒಂದು ಓಟಿನಿಂದ ಸೋತು ಮನೆಗೆ ಬರಬೇಕಿತ್ತು ತಾನು. ನಾಲ್ಕು ದಿನದಿಂದ ಕೊರಳಲ್ಲಿ ಹಾರ ಹಾಕಿಸಿಕೊಂಡು ತಿರುಗಿದ್ದು ಯಾರ ಗೆಲುವು?

"ಇದು ನಿನ್ನ ಸೀಟು, ಯಕ್ಕ. ನಾಳೆ ಕೂಡ್ಲಿಗಿಗೆ ಹೋಗಿ ಬರೆದುಕೊಟ್ಟು ಬರ್ತೀನಿ."

"ಹುಚ್ಚಿ! ಆಮ್ಯಾಲೆ ಮತ್ತ ಚುನಾವಣಿ ಮಾಡ್ತಾರ, ಯಾರೋ ಮೂರನೇದಾಕಿ ಬಂದು ಕೂಡ್ತಾಳ. ಸುಮ್ಮನ ಕೂತು ಕೆಲಸ ಮಾಡು. ಈ ಓಣ್ಯಾಗ ಕುರಿಗಳಿಗೆ ಕುಡಿಯಾಕ ಒಂದು ತೊಟ್ಟಿ ಇಲ್ಲ. ಅದನ್ನ ಕಟ್ಟಿಸು ಮೊದಲು." ಇಷ್ಟು ಹೇಳಿ ಮರುಳಸಿದ್ದಮ್ಮ ಕುಂಟುವ ಕುರಿಯ ಹಿಂದೆ ಹೋದಳು.

ಮನೆಗೆ ಬಂದರೆ ಅಂಗಳದಲ್ಲಿ ಆರೇಳು ಜನ ಕಾಯುತ್ತಿದ್ದರು. ಗೀತಮ್ಮ ಗಂಡನನ್ನು ಒಳಗೆ ಕರೆದು, ಮರುಳಸಿದ್ದಮ್ಮ ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದಳು. ಯರ್ರಿಸ್ವಾಮಿಯ ಬಾಯಿ ತೆರೆದದ್ದು ತೆರೆದೇ ಉಳಿಯಿತು. ಗೋಡೆಗೆ ಒರಗಿ ಕೂತ. ಅಂತೂ ಇವನಿಗೆ ಅರ್ಥವಾಯಿತು ಅಂತ ಅವಳಿಗೆ ಸ್ವಲ್ಪ ಹಗುರಾಯಿತು. ಅವನು ದೇವರ ಕೋಣೆಯ ಕಡೆ ತಿರುಗಿ ಎರಡೂ ಕೈ ಜೋಡಿಸಿದ.

"ನೋಡಿದ್ಯಾ?" ಅಂದ. "ಎದುರು ನಿಂತಾಕಿ ಕೈಲೇ ಓಟು ಹಾಕಿಸಿಬಿಡ್ತು ಆ ದೀಪ!"

ಗೀತಮ್ಮ ಅಲ್ಲಿ ನಿಲ್ಲಲಿಲ್ಲ. ಹೊರಗೆ ಬಂದು, ಕಾಯುತ್ತಿದ್ದವರಿಗೆ ಇದ್ದ ಸಂಗತಿಯನ್ನೆಲ್ಲ ಗಟ್ಟಿಯಾಗಿ, ಗಂಡನಿಗೂ ಕೇಳುವಂತೆ ಹೇಳಿದಳು. ದೀಪದ ಕತೆ, ಮರುಳಸಿದ್ದಮ್ಮನ ಓಟು, ಎಲ್ಲ. ತೆಂಗಿನಕಾಯಿ ಹಿಡಿದಿದ್ದವನು ಅದನ್ನು ಹಿಂದಕ್ಕೆ ಸರಿಸಿಕೊಂಡ. ಗಿಡ್ಡಮ್ಮಜ್ಜಿಯ ಮೊಮ್ಮಗಳು ಶಿವಲೀಲಾ, "ಹೌದಾ!" ಅಂತ ಎದೆಯ ಮೇಲೆ ಕೈಯಿಟ್ಟುಕೊಂಡಳು.

ಸುದ್ದಿ ಸಂಜೆಯೊಳಗೆ ಊರು ಸುತ್ತಿತು. ಆದರೆ ಅದು ಗೀತಮ್ಮ ಅಂದುಕೊಂಡ ಹಾಗೆ ಕೆಲಸ ಮಾಡಲಿಲ್ಲ. ಮರುದಿನ ಗಿರಣಿ ಶುರು ಮಾಡಿದ್ದೇ ತಡ, ಒಬ್ಬೊಬ್ಬರಾಗಿ ಬಂದು ಬೆಲ್ಟಿನ ಸದ್ದಿನ ಮರೆಯಲ್ಲಿ ತಮ್ಮ ಗುಟ್ಟು ಹೇಳತೊಡಗಿದರು. ಒಬ್ಬಾಕೆ ಗಂಡನ ಜೊತೆ ಜಗಳವಾಡಿ ತವರಿಗೆ ಹೋಗಿದ್ದಳು, ಓಟು ಹಾಕಿರಲಿಲ್ಲ. ಹಡಗಲಿಗೆ ಮಲ್ಲಿಗೆ ತರಲು ಹೋದವನ ಬಸ್ಸು ಕೆಟ್ಟು, ಐದು ಗಂಟೆ ದಾಟಿತ್ತು. ಸೈಕಲ್ ಅಂಗಡಿಯ ಕಮಾಲಸಾಬ ತನ್ನ ಸೀಲು ಎರಡು ಗುರುತಿನ ನಡುವಿನ ಗೆರೆಯ ಮೇಲೆ ಬಿತ್ತು ಅಂತ ನಾಚಿಕೊಂಡು ಒಪ್ಪಿಕೊಂಡ. ಇನ್ನೊಬ್ಬಾಕೆ ಮರುಳಸಿದ್ದಮ್ಮನ ಕಡೆಯವಳು. ಚಪ್ಪಲಿ ಕಿತ್ತಿತು, ಹೊಲಿಸಿಕೊಂಡು ಬರುವಷ್ಟರಲ್ಲಿ ಬಾಗಿಲು ಹಾಕಿದ್ದರು ಅಂದಳು. ಪ್ರತಿಯೊಬ್ಬರಿಗೂ ಸಮ ಬಿದ್ದದ್ದು ತಮ್ಮ ಒಂದು ಓಟಿನಿಂದಲೇ ಅಂತ ಎದೆ ಹೊಡೆದುಕೊಂಡಿತ್ತು. ವಾರದೊಳಗೆ ಹನ್ನೊಂದು ಜನ ಆದರು. ಯಾರ ಓಟು ಯಾರಿಗೆ ಸೇರುತ್ತಿತ್ತು, ಕೂಡಿಸಿದರೆ ಯಾರು ಗೆಲ್ಲುತ್ತಿದ್ದರು, ಗೀತಮ್ಮ ನಾಲ್ಕು ಜನರ ತನಕ ಲೆಕ್ಕ ಹಾಕಿ ಆಮೇಲೆ ಬಿಟ್ಟುಬಿಟ್ಟಳು. ತಲೆ ಸುತ್ತುತ್ತಿತ್ತು.

ಜನವರಿ ಕೊನೆಗೆ ಒಂದು ಮುಂಜಾನೆ ಪಂಚಾಯ್ತಿ ಕಾರ್ಯದರ್ಶಿಯನ್ನು ಕರೆದುಕೊಂಡು ಅವಳು ಮೇಲಿನ ಓಣಿಗೆ ಹೋದಳು. ತೊಟ್ಟಿ ಎಲ್ಲಿ ಕಟ್ಟಬೇಕು ಅನ್ನುವುದಕ್ಕೆ ಮರುಳಸಿದ್ದಮ್ಮನಿಗೂ ಅವಳಿಗೂ ಅರ್ಧ ಗಂಟೆ ಜಗಳವಾಯಿತು. ಬೇಲಿಯ ಹತ್ತಿರ ಬೇಡ, ರಾಡಿ ಆಗುತ್ತದೆ ಅಂತ ಇವಳು. ದೂರ ಆದರೆ ಮರಿಗಳು ನಡೆಯುವುದಿಲ್ಲ ಅಂತ ಆಕೆ. ಕೊನೆಗೆ ಆಕೆ ಹೇಳಿದ ಜಾಗಕ್ಕೇ ಕಾರ್ಯದರ್ಶಿ ಸುಣ್ಣದಲ್ಲಿ ಗೆರೆ ಎಳೆದರು.