ಇವನು ಹೊರಗೆ ಹೋಗಲಿ

“ಬಾಯಿ ಬಿಡೋ ಬೋಳಿಮಗನೇ! ನನ್ನ ವಿಮಾನಾನ ಹೊಡೆದು ಹಾಕಿ ಬಂದು ಇಲ್ಲಿ ಮೂಗನ ತರ ಕೂತಿದ್ದೀಯಾ?”

ವರ್ನ್ ಟೇಟ್ ಮೇಜಿನ ಮೇಲಿದ್ದ ಫೋನನ್ನು ಅಂಬ್ರೋಸ್ ಕೀಸಿಕ್‌ನ ಗಲ್ಲದ ಹತ್ತಿರಕ್ಕೆ ತಳ್ಳಿದ. ರೆಕಾರ್ಡ್ ಒತ್ತಿದ್ದ ಫೋನು ಮಾತನ್ನು ಹಿಡಿದುಕೊಳ್ಳಲು ಕಾದಿತ್ತು. ಅಂಬ್ರೋಸ್ ಅದನ್ನೇ ನೋಡುತ್ತ ಕೂತ. ಉಸಿರು ಎಳೆದರೆ ಎಡಪಕ್ಕೆಯಲ್ಲಿ ಚೂರಿ ಆಡಿಸಿದ ಹಾಗಾಗುತ್ತಿತ್ತು. ವಿಮಾನ ಬಿದ್ದ ಊರಿನ ನರ್ಸಮ್ಮ ಹಿಂದಿನ ಸಂಜೆ ಬಿಗಿದ ಪಟ್ಟಿ ಸಡಿಲವಾಗಿ ಹೊಟ್ಟೆಗೆ ಇಳಿದಿತ್ತು. ಬೆಳಿಗ್ಗೆ ಕಂಪನಿಯ ಇನ್ನೊಂದು ವಿಮಾನ ಬಂದು ಅವನನ್ನು ಎತ್ತಿಕೊಂಡು ಬಂದಾಗ, ನೇರ ಆಸ್ಪತ್ರೆಗೆ ಅಂದುಕೊಂಡಿದ್ದ. ತಂದು ಕೂರಿಸಿದ್ದು ಶೆಡ್ಡಿನ ಮೇಲಿನ ಈ ಕೋಣೆಯಲ್ಲಿ.

“ತಪ್ಪು ನಂದೇ ಅನ್ನು. ಕಣ್ಣು ಮುಚ್ಚಿತ್ತು ಅನ್ನು, ನಿದ್ದೆ ಬಂತು ಅನ್ನು, ಏನಾದ್ರೂ ಅನ್ನು. ಆಮೇಲೆ ಆಸ್ಪತ್ರೆಗೆ ನಾನೇ ಬಿಡ್ತೀನಿ.”

“ಉಚ್ಚೆಗೆ ಹೋಗ್ಬೇಕು ಬಾಸ್,” ಎಂದ ಅಂಬ್ರೋಸ್.

“ಹೇಳು, ಹೋಗು.”

ಅಂಬ್ರೋಸ್ ತೊಡೆಗಳನ್ನು ಒತ್ತಿ ಹಿಡಿದ.

ವಿಮಾನದಿಂದ ಕುಂಟುತ್ತ ಇಳಿದಾಗ ಅವನನ್ನು ಹಿಡಿದುಕೊಂಡವಳು ಕೊರೀನ್. ಅವಳೂ ಒಂದು ಕಾಲದಲ್ಲಿ ಇದೇ ಕಂಪನಿಯ ಪೈಲಟ್ಟು. ಅವಳ ವಿಮಾನ ಓಡುದಾರಿ ಬಿಟ್ಟು ಹಿಮಕ್ಕೆ ನುಗ್ಗಿದ ದಿನ ಇದೇ ಕುರ್ಚಿಯಲ್ಲಿ ಕೂತು, ನೋವಿನ ಗುಳಿಗೆಯ ಮಂಪರಿನಲ್ಲಿ, ವರ್ನ್ ಕೇಳಿದ್ದಕ್ಕೆಲ್ಲ ಹೂಂ ಅಂದಿದ್ದಳು. ಬ್ರೇಕು ಕೆಟ್ಟಿದ್ದು ಯಾರಿಗೂ ನೆನಪಿಲ್ಲ. ಅವಳ ಹೂಂ ಮಾತ್ರ ಉಳಿಯಿತು. ಈಗ ಅವಳು ಅದೇ ವಿಮಾನಗಳಿಗೆ ಎಣ್ಣೆ ತುಂಬಿಸುತ್ತಾಳೆ. ಅಂಬ್ರೋಸನ ಕಂಕುಳಿಗೆ ಹೆಗಲು ಕೊಟ್ಟು ಅವಳು ಪಿಸುಗುಟ್ಟಿದ್ದಳು: “ಆ ನನ್ಮಗನ ಮುಂದೆ ಒಂದು ಮಾತೂ ಆಡ್ಬೇಡ ಮಾರಾಯಾ. ಸರ್ಕಾರದ ತನಿಖೆಯೋರು ಬರ್ತಾರೆ. ಅವ್ರ ಹತ್ರ ಆಡಿದ್ದು ಅವ್ರ ಹತ್ರಾನೇ ಇರುತ್ತೆ. ಜೊತೇಲಿ ಯಾರು ಕೂರಬೇಕು ಅಂತ ನೀನೇ ಹೇಳ್ಬಹುದು. ನಂಗೆ ಅದ್ಯಾವ ಸೂಳೆಮಗನೂ ಹೇಳ್ಲಿಲ್ಲ.”

ವರ್ನ್ ಎದ್ದು ಬಾಗಿಲು ತೆರೆದ. ಕೆಳಗೆ ಟಿಕೆಟ್ಟಿನವರು, ಮೂಟೆ ಹೊರುವವರು ಎಲ್ಲರಿಗೂ ಕೇಳುವ ಹಾಗೆ ಕೂಗಿದ. “ಬನ್ರೋ, ಇವನ ಬಾಯಿ ಮೂಸಿ ನೋಡಿ! ಕುಡ್ದಿದ್ನೋ ಇಲ್ವೋ ಅಂತ ನೀವೇ ಹೇಳಿ. ಆ ಕಾಡಿನ ಹಟ್ಟಿಯೋರಿಗೆ ಕುಡಿಯೋದು ಬಿಟ್ರೆ ಇನ್ನೇನು ಬರುತ್ತೆ? ಇಂಥವ್ನ ಕೈಗೆ ವಿಮಾನ ಕೊಟ್ಟಿದ್ದು ನನ್ ಬುದ್ಧಿಗೆ ಮಂಕು ಕವಿದಿದ್ದು!”

ಯಾರೂ ಮೇಲೆ ಬರಲಿಲ್ಲ. ವರ್ನ್ ತಾನೇ ಬಂದು ಅಂಬ್ರೋಸನ ತಲೆಗೂದಲು ಹಿಡಿದು ಮುಖ ಎತ್ತಿದ.

“ಊದು.”

ಅಂಬ್ರೋಸ್ ಊದಿದ. ಪಕ್ಕೆಯ ನೋವಿಗೆ ಕಣ್ಣಲ್ಲಿ ನೀರು ಬಂತು. ಹೆಂಡ ಬಿಟ್ಟು ಎಷ್ಟೋ ಚಳಿಗಾಲ ಕಳೆದಿತ್ತು. ಅದು ವರ್ನ್‌ಗೂ ಗೊತ್ತಿತ್ತು. ಊದುವಾಗಲೇ ಚಡ್ಡಿ ಒದ್ದೆಯಾಯಿತು. ಬಿಸಿ ತೊಡೆಯಗುಂಟ ಇಳಿದು ಬೂಟಿನೊಳಗೆ ಸೇರಿತು. ವರ್ನ್ ಅದನ್ನು ನೋಡಿ ನಕ್ಕ. ನಾಚಿಕೆಪಡುವಷ್ಟು ಕಸುವೂ ಅಂಬ್ರೋಸನಲ್ಲಿ ಉಳಿದಿರಲಿಲ್ಲ. ಹಾಯೆನಿಸಿತು, ಅಷ್ಟೇ.

ಹಿಂದಿನ ಬೆಳಿಗ್ಗೆ ಇದೇ ಕೋಣೆಯ ಬಾಗಿಲಲ್ಲಿ ನಿಂತು ಅವನು ಹೇಳಿದ್ದ: “ಬಾಸ್, ಎಡರೆಕ್ಕೆಯ ರಬ್ಬರು ಉಬ್ತಾ ಇಲ್ಲ.” ರೆಕ್ಕೆಯ ಮುಂದಿನ ಅಂಚಿಗೆ ಅಂಟಿಸಿದ ಆ ರಬ್ಬರು ಗಾಳಿ ತುಂಬಿ ಉಬ್ಬಿದರೇನೇ ಮೇಲೆ ಕಟ್ಟಿದ ಮಂಜುಗಡ್ಡೆ ಒಡೆದು ಉದುರುವುದು. ವರ್ನ್ ಕಾಫಿ ಕುಡಿಯುತ್ತ, ತಲೆಯನ್ನೂ ಎತ್ತದೆ, “ಹಾರಿಸ್ತೀಯೋ, ಇಲ್ಲ ಹಾರಿಸೋನ್ನ ಕರೀಲೋ?” ಅಂದಿದ್ದ. ಹಾರಿಸಿದ. ಹಿಂದಿನ ಸೀಟಿನಲ್ಲಿ ಅವನ ಊರಿನವಳೇ, ಊರ ಮಾತಿನಲ್ಲಿ ಎಲ್ಲರೂ ಕೋಕುಂ, ಅಂದರೆ ಅಜ್ಜಿ, ಎನ್ನುವ ಮ್ಯಾಡ್ಲೀನ್. ಪಟ್ಟಣದಲ್ಲಿ ಡಯಾಲಿಸಿಸ್ ಮಾಡಿಸಿಕೊಂಡು ಮನೆಗೆ ಹೊರಟಿದ್ದಳು. ಊರಿನ ಓಡುದಾರಿ ಕಣ್ಣಿಗೆ ಬಿದ್ದಾಗ ಎಡರೆಕ್ಕೆ ಮಂಜಿನ ಭಾರಕ್ಕೆ ಜಗ್ಗಿತು. ವಿಮಾನ ಹೆಪ್ಪುಗಟ್ಟಿದ ಸರೋವರದ ಮೇಲೆ ಹೊಟ್ಟೆ ಅಡಿಯಾಗಿ ಬಿತ್ತು. ಅಜ್ಜಿಯ ತೊಡೆಯ ಮೂಳೆ ಮುರಿಯಿತು. ಅವಳು ಕಿರುಚಲಿಲ್ಲ. “ಅಂಬ್ರೋಸ್, ನೀನು ಇದ್ದೀಯೇನೋ?” ಎಂದು ಕೇಳಿದಳು.

ಆ ದನಿ ಇನ್ನೂ ಕಿವಿಯಲ್ಲಿತ್ತು. ನಿನ್ನೆ ಬೆಳಿಗ್ಗೆ ‘ಆಗಲ್ಲ’ ಅನ್ನದೆ ಹೋದೆನಲ್ಲ ಎಂದು ಅವನು ಯೋಚಿಸಿದ. ಅಂದಿದ್ದರೆ ಇನ್ನೊಬ್ಬ ಪೈಲಟ್ಟು ರೆಜಿಯನ್ನು ಕರೆಯುತ್ತಿದ್ದರು. ರೆಜಿಯೂ ಹಾರಿಸುತ್ತಿದ್ದ.

ಮಧ್ಯಾಹ್ನ ತನಿಖೆಯವನು ಬಂದ. ಮೋರಿಸೆಟ್ ಎಂಬ ತೆಳ್ಳನೆಯ ಮನುಷ್ಯ, ಮೂಗು ಸೋರುತ್ತಿತ್ತು. ವರ್ನ್‌ನ ದನಿಯೇ ಬೇರೆಯಾಯಿತು. ಕಾಫಿ ತರಿಸಿದ, ಕುರ್ಚಿ ಎಳೆದು ಅಂಬ್ರೋಸನ ಪಕ್ಕದಲ್ಲೇ ಕೂತು ಅವನ ಹೆಗಲ ಮೇಲೆ ಕೈಯಿಟ್ಟ.

“ನಮ್ಮ ಹುಡುಗ ಪಾಪ, ಹೆದರಿದಾನೆ. ನಾನು ಜೊತೇಲಿರ್ತೀನಿ ಬಿಡಿ.”

ಮೋರಿಸೆಟ್ ಅಂಬ್ರೋಸನ ಕಡೆ ನೋಡಿದ. ಒದ್ದೆ ಪ್ಯಾಂಟನ್ನೂ ನೋಡಿದ. “ಇವರು ಇರಬೇಕಾ?” ಎಂದು ಕೇಳಿದ.

ಅಷ್ಟು ಹೊತ್ತು ಮುಚ್ಚಿದ್ದ ಬಾಯಿ ಒಣಗಿ ಅಂಟಿಕೊಂಡಿತ್ತು. ಅಂಬ್ರೋಸ್ ಹೆಗಲಿನಿಂದ ಆ ಕೈಯನ್ನು ಎತ್ತಿ ಪಕ್ಕಕ್ಕಿಟ್ಟ.

“ಇವನು ಹೊರಗೆ ಹೋಗಲಿ.”

“ಏನಂದೆ?”

“ಹೊರಗೆ ಹೋಗು ವರ್ನ್. ನನ್ ಜೊತೆ ಕೊರೀನ್ ಕೂರ್ತಾಳೆ.”

“ಎಣ್ಣೆ ಹಾಕೋಳಾ?” ವರ್ನ್ ನಗಲು ನೋಡಿದ. “ಅವ್ಳು ಕೆಲಸದಲ್ಲಿದಾಳೆ. ಪೈಪು ಕೆಳಗಿಟ್ರೆ ಹಾಗೇ ಮನೆಗೆ ಹೋಗ್ಬೇಕಾಗುತ್ತೆ.”

“ಕರೀರಿ. ಅವರನ್ನೇ ಕೇಳೋಣ,” ಎಂದ ಮೋರಿಸೆಟ್.

ಕೊರೀನ್ ಮೆಟ್ಟಿಲು ಹತ್ತಿ ಬಂದಾಗ ಕೈಗವಸಿನಿಂದ ಸೀಮೆಎಣ್ಣೆಯ ವಾಸನೆ ಹೊಡೆಯುತ್ತಿತ್ತು. ವರ್ನ್ ಬಾಗಿಲಿಗೆ ಅಡ್ಡ ನಿಂತಿದ್ದ.

“ಪೈಪ್ ಎಲ್ಲೇ?”

“ಹಿಮದ ಮೇಲೆ ಬಿದ್ದಿದೆ. ಬೇಕಾದ್ರೆ ನೀನೇ ಎತ್ಕೋ,” ಎಂದು ಅವನನ್ನು ಸರಿಸಿ ಒಳಗೆ ಬಂದಳು. ಹಿಂದೊಮ್ಮೆ ತಾನು ಕೂತಿದ್ದ ಕುರ್ಚಿಯನ್ನು ನೋಡಿ, ಅದರ ಪಕ್ಕ ಇನ್ನೊಂದನ್ನು ಹಾಕಿಕೊಂಡು ಕೂತಳು.

ಬಾಗಿಲು ಮುಚ್ಚಿತು. ಅಂಬ್ರೋಸ್ ಹೇಳತೊಡಗಿದ. ಹೇಳುತ್ತ ಹೋದಂತೆ ಸಮಾಧಾನವೇನೂ ಆಗಲಿಲ್ಲ. ದೂರದಿಂದ ಭಾರದ ಮೂಟೆ ಹೊತ್ತು ತಂದು ಇಳಿಸುವವನ ಹಾಗೆ ಒಂದೊಂದೇ ಮಾತು ಇಳಿಸಿದ. ರಬ್ಬರಿನ ಮಾತು ಬಂದಾಗ ಮೋರಿಸೆಟ್ ಮೂಗು ಒರೆಸುವುದನ್ನು ನಿಲ್ಲಿಸಿದ.

“ಇನ್ನೊಂದು ವಿಮಾನದ್ದು?”

“ಅದೂ ಅಷ್ಟೇ,” ಎಂದಳು ಕೊರೀನ್. “ಅಂಟು ಹಾಕಿ ನಿಲ್ಲಿಸಿದಾರೆ.”

ಆಗಲೇ ಕೆಳಗಿನಿಂದ ಎಂಜಿನ್ನಿನ ಸದ್ದು ಕೇಳಿದ್ದು. ಮೂವರೂ ಕಿಟಕಿಗೆ ಬಂದರು. ಆ ಇನ್ನೊಂದು ವಿಮಾನಕ್ಕೆ ವರ್ನ್ ತಾನೇ ಎಣ್ಣೆ ತುಂಬಿಸಿ, ಪೈಪನ್ನು ಎಳೆದು ಪಕ್ಕಕ್ಕೆ ಬಿಸಾಡುತ್ತಿದ್ದ. ಕೊನೆಯ ಪ್ರಯಾಣಿಕಳು ಡಯಪರಿನ ಮೂಟೆಯನ್ನು ಅಪ್ಪಿಕೊಂಡು ಏಣಿ ಹತ್ತುತ್ತಿದ್ದಳು. ಮೇಲೆ ಆಕಾಶ ಹಿಂದಿನ ದಿನದ ಹಾಗೆಯೇ ಬೂದಿಬಣ್ಣಕ್ಕೆ ಇಳಿದಿತ್ತು.

“ನಿಲ್ಸಿ ಅದನ್ನ,” ಎಂದ ಅಂಬ್ರೋಸ್.

“ನಿಲ್ಲಿಸೋ ಅಧಿಕಾರ ನನಗಿಲ್ಲ. ಇರೋರಿಗೆ ಫೋನ್ ಮಾಡ್ತೀನಿ.” ಮೋರಿಸೆಟ್ ನಂಬರು ಒತ್ತಿದ. ಫೋನಿನಲ್ಲಿ ಹೆಣ್ಣು ದನಿಯೊಂದು ದಯವಿಟ್ಟು ಕಾಯಿರಿ ಎಂದಿತು. ಆಮೇಲೆ ಪಿಟೀಲಿನ ಸಂಗೀತ ಶುರುವಾಯಿತು.

ಅಂಬ್ರೋಸ್ ಮೆಟ್ಟಿಲು ಇಳಿದ. ಕೊರೀನ್ ಅವನ ಕಂಕುಳಿಗೆ ಹೆಗಲು ಕೊಟ್ಟಳು. ಶೆಡ್ಡಿನ ಹೊರಗಿನ ಚಳಿಗೆ ಒದ್ದೆ ಬಟ್ಟೆ ತೊಡೆಯ ಮೇಲೆಯೇ ಸೆಟೆದುಕೊಂಡಿತು. ಇಬ್ಬರೂ ಹೋಗಿ ವಿಮಾನದ ಮೂತಿಯ ಎದುರು ನಿಂತರು. ಎಡಬಲಗಳಲ್ಲಿ ರೆಕ್ಕೆಯ ಪಂಖಗಳು ತಿರುಗುತ್ತಿದ್ದವು.

ವರ್ನ್ ವಿಮಾನದ ಮೈಗೆ ಮುಷ್ಟಿಯಿಂದ ಗುದ್ದಿದ. “ನಡೆಸೋ ರೆಜಿ! ಅವ್ರು ತಾವೇ ಸರೀತಾರೆ. ನಡೆಸೋ ಅಂದೆ!”

ಗಾಜಿನ ಹಿಂದೆ ರೆಜಿಯ ಮುಖ ಕಾಣುತ್ತಿತ್ತು. ಅವನ ಕೈ ಎಂಜಿನ್ನಿನ ವೇಗದ ಹಿಡಿಕೆಯ ಮೇಲಿತ್ತು. ಹಿಂದಿನಿಂದ ಪ್ರಯಾಣಿಕರು ಕತ್ತು ಚಾಚಿ ನೋಡುತ್ತಿದ್ದರು. ಅಂಬ್ರೋಸನಿಗೆ ಕೈ ಎತ್ತಿ ಬೇಡವೆನ್ನಬೇಕೆಂದಿತ್ತು. ಪಕ್ಕೆ ಬಿಡಲಿಲ್ಲ. ಇಬ್ಬರೂ ಕದಲದೆ ನಿಂತರು. ಎಂಜಿನ್ನಿನ ಸದ್ದು ಏರಿತು. ಹಿಮ ಎದ್ದು ಮುಖಕ್ಕೆ ರಾಚಿತು, ರೆಜಿಯ ಮುಖ ಕಾಣದಾಯಿತು.