ತಾಹೇರಾಳ ಬಲಗೈ

ಒಳ್ಳೆಯದು ಮಾಡುತ್ತೇನೆಂದು ಹೋಗಿ ತಾಹೇರಾಳ ಕೈಯನ್ನು ಇನ್ನಷ್ಟು ಕೆಡಿಸಿದವಳು ನಾನೇ, ಗಿರಿಜಾಬಾಯಿ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬೇರೆಯವರು ಹೇಳುವುದು ಬೇಡ.

ತಾಹೇರಾ ನಮ್ಮ ಬಸವಕಲ್ಯಾಣದ ಬಳೆಗಾರ್ತಿ. ಎಪ್ಪತ್ನಾಲ್ಕರ ಶ್ರಾವಣದಲ್ಲಿ ಬಸ್ಸಿನಿಂದ ಇಳಿಯುವಾಗ ಜಾರಿಬಿದ್ದು ಅವಳ ಬಲತೋಳಿನ ನರಕ್ಕೆ ಪೆಟ್ಟಾಯಿತು. ಮಣಿಕಟ್ಟು ಜೋತುಬಿತ್ತು, ಬೆರಳು ಬಿಚ್ಚಲಾಗದು. ನೊಂದ ಕೈಗೆ ಆರಾಮ ಬೇಕೆಂದು ನಾನು ಅದನ್ನು ಹಳೇ ಸೀರೆಯಿಂದ ಎದೆಗೆ ಕಟ್ಟಿ, ಎರಡು ತಿಂಗಳು ಒಂದು ಲೋಟ ಎತ್ತಲೂ ಬಿಡಲಿಲ್ಲ. ಬಿಚ್ಚಿ ನೋಡಿದರೆ ಬೆರಳುಗಳು ಮಡಚಿದಲ್ಲೇ ಬಿಗಿದಿದ್ದವು.

ಹುಮನಾಬಾದಿನ ಡಾಕ್ಟರು ನನ್ನನ್ನು ತರಾಟೆಗೆ ತೆಗೆದುಕೊಂಡರು. "ನರ ಸತ್ತಿಲ್ಲವ್ವಾ, ಸಾವಕಾಶ ಬೆಳ್ಯಾಕತ್ತದ. ಅಲ್ಲಿತನಕ ಕೀಲು ಬಿಗೀಬಾರದು, ದಿನಾ ಆಡಿಸಬೇಕು. ಕಟ್ಟಿ ಇಡಾಕ ಇದೇನು ಎಮ್ಮೀನಾ?"

"ಮತ್ತ ಬಳಿ ತೊಡಸ್ತೀನೇನ್ರಿ?" ಎಂದಳು ತಾಹೇರಾ.

"ಕೈ ದುಡಿಸು, ನೋಡೋಣು."

ವೈಶಾಖದಲ್ಲಿ ನನ್ನ ಮಗಳು ಸಂಗಮ್ಮನ ಮದುವೆ. ಅವಳಿಗೆ ತಾಹೇರಾಳೇ ಬಳೆ ತೊಡಿಸಬೇಕೆಂದು ನಾನು ಹಟ ಹಿಡಿದೆ. ಮದುಮಗಳ ಕೈಯಲ್ಲಿ ಬಳೆ ಒಡೆದರೆ ಅಪಶಕುನ. ಒಂದೇ ಒಂದು ಒಡೆದರೂ ಮುಂದೆ ಊರಲ್ಲಿ ಯಾರೂ ತಾಹೇರಾಳಿಗೆ ಕೈ ಚಾಚುವುದಿಲ್ಲ.

ದಿನಾ ಬೆಳಿಗ್ಗೆ ಅವಳ ಕೈಯನ್ನು ಬಳೆ ಪೆಟ್ಟಿಗೆಯ ಅಂಚಿಗಿಟ್ಟು ಮಣಿಕಟ್ಟು ಎತ್ತಿ ಇಳಿಸುತ್ತಿದ್ದೆ, ಬೆರಳು ಒಂದೊಂದೇ ಬಿಡಿಸುತ್ತಿದ್ದೆ. ಅವಳು ಅಳುವಳು, ನಾನು ಬೈಯುವೆ, ಆಮೇಲೆ ಇಬ್ಬರೂ ಚಹಾ ಕುಡಿಯುವೆವು. ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಮಣಿಕಟ್ಟು ತುಸುವೇ ಎದ್ದಿತು.

"ಯಾ ಅಲ್ಲಾ! ಗಿರಿಜಕ್ಕಾ, ನೀ ಎತ್ತಿದೇನು?"

"ನಾ ಮುಟ್ಟೇ ಇಲ್ಲ!"

ಆಮೇಲೆ ಬೆರಳಿಗೆ ಬಳೆ ತೂಗುಹಾಕಿ ಕೈ ಎತ್ತಿಸಿದೆ. ವಾರಕ್ಕೊಂದು ಬಳೆ ಹೆಚ್ಚು. ಯುಗಾದಿ ಹೊತ್ತಿಗೆ ಡಜನ್ ಆದಾಗ, ನನಗೆ ತೊಡಿಸು ಎಂದೆ.

"ನಿನ್ನ ಕೈಯಾಗ ಒಡದ್ರ? ಅಣ್ಣಾರು ಗಟ್ಟಿ ಇರ್ಲಿ!" ಎಂದು ನನ್ನ ಗಂಡನ ಆಯುಷ್ಯಕ್ಕೆ ಹೆದರಿದಳು.

"ಅವರ ಆಯುಷ್ಯ ಏನು ಗಾಜಿಂದಾ? ತೊಡಸು."

ಎಂಟು ಒಡೆದವು. ನನ್ನ ಕೈಯೆಲ್ಲ ಗೀರು. ನಮ್ಮ ಯಜಮಾನರು ಅವತ್ತು ಎರಡು ರೊಟ್ಟಿ ಹೆಚ್ಚೇ ತಿಂದರು.

ಬಳೆ ತೊಡಿಸುವ ದಿನ ಸಂಗಮ್ಮನ ಅತ್ತೆಯಾಗುವ ತುಳಜಾಬಾಯಿ ಮುಖ ಗಂಟಿಕ್ಕಿದರು. "ಜೋತಬಿದ್ದ ಕೈ ಶುಭಕಾರ್ಯಕ್ಕ ಯಾಕ್ರಿ?"

"ಎದ್ದದ್ದೂ ನೋಡ್ರಿ," ಎಂದೆ.

ತಾಹೇರಾ ಸಂಗಮ್ಮನ ಅಂಗೈ ನಾದಿ ಹಸಿರು ಬಳೆ ಏರಿಸತೊಡಗಿದಳು. ಎರಡೂ ಕೈ ತುಂಬುತ್ತ ಬಂದವು. ಕೊನೆಯ ಬಳೆ ಹೆಬ್ಬೆರಳ ಬುಡದಲ್ಲಿ ಸಿಕ್ಕಿಕೊಂಡಿತು. ತಾಹೇರಾ ಅವಸರ ಮಾಡಲಿಲ್ಲ. ಮಣಿಕಟ್ಟನ್ನು ನೆಟ್ಟಗೆ ಎತ್ತಿ ಹಿಡಿದು, ಬಳೆಯನ್ನು ಮೆಲ್ಲಗೆ ತಿರುವಿದಳು. ಸರ್ರನೆ ಏರಿತು. ಒಂದೂ ಒಡೆಯಲಿಲ್ಲ! ನಾನು ಎಲ್ಲರೆದುರೇ ಗಳಗಳ ಅತ್ತೆ.

ತುಳಜಾಬಾಯಿ ಸೆರಗು ಸರಿಮಾಡಿಕೊಂಡು ತಮ್ಮ ಕೈ ಚಾಚಿದರು. "ನಂಗೂ ತೊಡಸವ್ವಾ."

"ಜರಾ ನಿಂದರ್ರಿ ಬಾಯೀರೇ," ಎಂದಳು ತಾಹೇರಾ. "ಮೊದಲ ಗಿರಿಜಕ್ಕಗ. ಅಕಿ ಕೈಯಾಗ ಎಂಟು ಒಡದೀನಿ."