ಹಗಲಲ್ಲಿ ಮಲಗುತ್ತಿದ್ದ ಫ್ರಿಜ್ಜು

ಅವತ್ತೂ ಹಾಲು ಒಡೆದಿತ್ತು. ವಾರದಲ್ಲಿ ಮೂರನೇ ಸಲ. ಪಾತ್ರೆ ಹಿಡ್ಕೊಂಡು ಬಾಗಿಲಲ್ಲಿ ನಿಂತು ನಾನು ಕೂಗಿದ ಕೂಗಿಗೆ ಮೈದಾನದ ಆ ತುದಿಯಲ್ಲಿ ಮೇಯ್ತಿದ್ದ ಹಸು ತಲೆ ಎತ್ತಿ ನೋಡ್ತು. ನನ್ನ ಬಾಯಿ ಸ್ವಲ್ಪ ಜೋರು. ಊರಿಗೆಲ್ಲ ಗೊತ್ತು. ನಮಗೆ ಒಂದೂರು ಅಂತ ಇಲ್ಲ ನೋಡಿ, ಅದಕ್ಕೇ ಹೋದ ಹೋದ ಊರಿಗೆಲ್ಲ ಗೊತ್ತು.

ನಮ್ಮದು ಕುರ್ಚಿ ಕೆಲಸ. ಶಾಲೆ, ಕಚೇರಿ, ಆಸ್ಪತ್ರೆಗಳಲ್ಲಿ ಜನ ಕೂತೂ ಕೂತೂ ಹರಿದ ಬೆತ್ತದ ಕುರ್ಚಿಗಳನ್ನ ಮತ್ತೆ ಹೆಣೆದು ಕೊಡ್ತೀವಿ. ನಮ್ಮನೆಯವರು ಮರದ ಕೆಲಸ ನೋಡ್ಕೋತಾರೆ, ನಾನು ಹೆಣೀತೀನಿ. ಒಂದು ಕಡೆ ಮೂರು ವಾರ, ಇನ್ನೊಂದು ಕಡೆ ಒಂದು ತಿಂಗಳು. ಹಾಗಾಗಿ ನಮ್ಮ ಮನೆ ಚಕ್ರದ ಮೇಲಿದೆ. ಜೀಪಿನ ಹಿಂದೆ ಕಟ್ಟಿ ಎಳೆಯೋ ಟ್ರೈಲರ್. ಒಳಗೆ ಮಂಚ, ಒಲೆ, ಮಡಚೋ ಮೇಜು. ಛಾವಣಿ ಮೇಲೆ ಎರಡು ಸೋಲಾರ್ ಪ್ಯಾನೆಲ್. ಇರೋದು ನಾಲ್ಕು ಜನ. ನಾವಿಬ್ಬರು, ಪರೀಕ್ಷೆಗೆ ಓದ್ತಿರೋ ಮಗಳು, ಮತ್ತೆ ನಮ್ಮ ಮಾವ.

ಮಾವನಿಗೆ ಸಕ್ಕರೆ ಕಾಯಿಲೆ. ಎರಡು ವರ್ಷದಿಂದ ದಿನಾ ಇನ್ಸುಲಿನ್ ಇಂಜೆಕ್ಷನ್. "ನೀವು ಸುತ್ತೋ ಜನ. ಹೋದಲ್ಲೆಲ್ಲ ಔಷಧಿ ಸಿಗೋದಿಲ್ಲ. ಮೂರು ತಿಂಗಳಿಗಾಗೋಷ್ಟು ಇಟ್ಕೊಳ್ಳಿ, ಆದ್ರೆ ಫ್ರಿಜ್ಜಲ್ಲೇ ಇಡಬೇಕು" ಅಂತ ಡಾಕ್ಟರು ಹೇಳಿದ್ರು. ಅದಕ್ಕೇ ನಮ್ಮಕ್ಕನ ಮನೇಲಿದ್ದ ಚಿಕ್ಕ ಫ್ರಿಜ್ಜು ಟ್ರೈಲರಿಗೆ ಬಂತು. ನಮ್ಮನೆಯವರು ಎರಡು ದೊಡ್ಡ ಬ್ಯಾಟರಿ, ಒಂದು ಇನ್ವರ್ಟರ್ ತಂದು ಕೂರಿಸಿದ್ರು. ಬ್ಯಾಟರಿ ಕರೆಂಟನ್ನ ಮನೆ ಕರೆಂಟು ಮಾಡಿಕೊಡೋ ಪೆಟ್ಟಿಗೆ ಅದು.

ಮಾವನಿಗೆ ಮೊದಲ ದಿನದಿಂದಲೂ ಫ್ರಿಜ್ಜು ಕಂಡ್ರೆ ಆಗ್ತಿರಲಿಲ್ಲ. "ಮನೆ ಸಾಮಾನು ಮನೇಲಿರಬೇಕಮ್ಮ. ಗಾಡೀಲಿ ಕೂರಿಸಿದ್ರೆ ಅದಕ್ಕೆ ತಲೆ ತಿರುಗುತ್ತೆ."

"ನಿಮಗೆ ತಿರುಗಲ್ವಲ್ಲ ಮಾವ, ಅದಕ್ಕೂ ತಿರುಗಲ್ಲ ಬಿಡಿ" ಅಂತಿದ್ದೆ.

ಹಾಲು ಒಡೆಯೋಕೆ ಶುರುವಾದಾಗ ಹಾಲು ಕೊಡೋಳ ಮೇಲೆ ಜಗಳಕ್ಕೆ ಹೋದೆ. ಪಾಪ, ಅವಳು ಏನೂ ಮಾಡಿರಲಿಲ್ಲ. ಆಮೇಲೆ ನಮ್ಮನೆಯವರ ವೈರಿಂಗ್ ಮೇಲೆ ಬಿದ್ದೆ. ಅವರು ಎಲ್ಲಾ ಸ್ಕ್ರೂ ಬಿಚ್ಚಿ ಮತ್ತೆ ಹಾಕಿ, "ಸರಿಯಾಗಿದೆ ಕಣೇ, ಕೇಳು, ಗುಂಯ್ ಅಂತಿದೆ" ಅಂದ್ರು. ಹೌದು, ಸಂಜೆ ಕೆಲಸದಿಂದ ಬಂದಾಗ ಯಾವಾಗ್ಲೂ ಗುಂಯ್ ಅಂತಾನೇ ಇರ್ತಿತ್ತು. ಆದರೆ ಬೆಳಗ್ಗೆ ಇಟ್ಟ ಹಾಲು ಸಂಜೆಗೆ ಒಡೆದಿರ್ತಿತ್ತು.

ಹಾಲು ಹೋದ್ರೆ ಹೋಗ್ಲಿ ಅಂತ ಬಿಡಬಹುದಿತ್ತು. ಆದರೆ ಮಾವನ ಹಿಮ್ಮಡಿಯಲ್ಲಿ ಒಂದು ಗಾಯ ಆಗಿತ್ತು. ಬೆತ್ತದ ಚೂರು ಚುಚ್ಚಿದ್ದು, ಕಡಲೆಕಾಳಿನಷ್ಟು. ಮೂರು ವಾರ ಆದ್ರೂ ಒಣಗಲಿಲ್ಲ. ದೊಡ್ಡದಾಗ್ತಾ ಬಂತು. ನಾವು ಕೆಲಸ ಮಾಡ್ತಿದ್ದ ಶಾಲೆಯ ಪಕ್ಕದಲ್ಲೇ ಆರೋಗ್ಯ ಕೇಂದ್ರ. ಅಲ್ಲಿನ ನರ್ಸಮ್ಮ ರಕ್ತ ಪರೀಕ್ಷೆ ಮಾಡಿ ಮಾವನ ಮುಖ ನೋಡಿದ್ರು.

"ಇಂಜೆಕ್ಷನ್ ತಪ್ಪಿಸ್ತಿದ್ದೀರಾ?"

"ಒಂದು ದಿನಾನೂ ಇಲ್ಲ ತಾಯಿ."

"ಮತ್ತೆ ಸಕ್ಕರೆ ಯಾಕೆ ಇಷ್ಟು ಏರಿದೆ? ಹೀಗೇ ಇದ್ರೆ ಈ ಕಾಲು ಉಳಿಯೋದು ಕಷ್ಟ. ಹೆದರಿಸ್ತಿಲ್ಲ, ಇದ್ದದ್ದು ಹೇಳ್ತಿದ್ದೀನಿ."

ನನ್ನ ಭಯ ಯಾವಾಗ್ಲೂ ಕೋಪವಾಗೇ ಬಾಯಿಂದ ಆಚೆ ಬರೋದು. ಮನೆಗೆ ಬಂದವಳೇ ಮಾವನ ದಿಂಬು, ಹಾಸಿಗೆ, ಕೋಟಿನ ಜೇಬು ಎಲ್ಲಾ ಜಾಲಾಡಿದೆ. "ಕದ್ದು ಮಿಠಾಯಿ ತಿಂತಿದ್ದೀರಿ ಅಲ್ವಾ? ಎಲ್ಲಿಟ್ಟಿದ್ದೀರಿ?" ಅಂದೆ. ಅವರು ಕಾಲು ಮೇಲಿಟ್ಕೊಂಡು ಕಿಟಕಿ ಕಡೆ ನೋಡ್ತಾ ಕೂತ್ರು. ಈಗ ನೆನೆಸಿಕೊಂಡ್ರೆ ನನ್ನ ನಾಲಿಗೇನ ನಾನೇ ಕಚ್ಚಿಕೊಳ್ಳಬೇಕು ಅನ್ಸುತ್ತೆ.

ಮಾರನೇ ದಿನ ನರ್ಸಮ್ಮನ ಹತ್ರ ಇನ್ನೊಂದ್ಸಲ ಹೋದಾಗ, "ಮಿಠಾಯಿ ಸಿಗಲಿಲ್ಲ" ಅಂತ ಒಪ್ಪಿಕೊಂಡೆ. ಆಗ ಅವರು ಬೇರೆ ಪ್ರಶ್ನೆ ಕೇಳಿದ್ರು. "ಔಷಧಿ ಎಲ್ಲಿಡ್ತೀರಿ?"

"ಫ್ರಿಜ್ಜಲ್ಲಿ."

"ಫ್ರಿಜ್ಜು ನಿಜವಾಗ್ಲೂ ತಣ್ಣಗಿದೆಯಾ? ಇನ್ಸುಲಿನ್ ಕಾವಿಗೆ ಶಕ್ತಿ ಕಳ್ಕೊಳ್ಳುತ್ತೆ. ಆದ್ರೂ ನೋಡೋಕೆ ಹಾಗೇ ಇರುತ್ತೆ. ಚುಚ್ಚಿಕೊಳ್ಳೋ ನೋವು ಉಳಿಯುತ್ತೆ, ಗುಣ ಮಾತ್ರ ಇರಲ್ಲ." ಅಂತ ಹೇಳಿ ಪುಟ್ಟ ಥರ್ಮಾಮೀಟರ್ ಕೊಟ್ರು. "ಒಳಗಿಡಿ. ಎರಡರಿಂದ ಎಂಟು ಡಿಗ್ರಿ ಒಳಗೇ ಇರಬೇಕು."

ಬೆಳಗ್ಗೆ ಹೋಗುವಾಗ ಮಧ್ಯದ ಅರೆಯಲ್ಲಿ ಇಟ್ಟು ಹೋದೆ. ಸಂಜೆ ಬಂದು ನೋಡ್ತೀನಿ, ಇಪ್ಪತ್ತೇಳು! ಫ್ರಿಜ್ಜು ಗುಂಯ್ ಅಂತಾನೇ ಇದೆ, ಒಳಗೆ ಮಾತ್ರ ಬೆಚ್ಚಗೆ.

ಓಡಿಹೋಗಿ ಶಾಲೆಯ ವೈರಿಂಗ್ ನೋಡ್ಕೊಳ್ಳೋ ಅಕ್ಕನ್ನ ಕರ್ಕೊಂಡು ಬಂದೆ. ಯಾರ ಮನೆಗೆ ಹೋದ್ರೂ "ಮೊದಲು ಫ್ಯೂಸ್ ನೋಡಿದ್ರಾ?" ಅಂತ ಕೇಳೋಳು, ಅದಕ್ಕೆ ಎಲ್ಲರೂ ಅವಳನ್ನ ಫ್ಯೂಸಕ್ಕ ಅಂತಾರೆ. ಅವಳು ಟಾರ್ಚು ಬಿಟ್ಟು ಫ್ರಿಜ್ಜಿನ ಹಿಂದೆ ಇಣುಕಿ ನಮ್ಮನೆಯವರನ್ನ ಕರೆದಳು.

"ಅಣ್ಣ, ಇದನ್ನ ಗೋಡೆಗೆ ಅಂಟಿಸಿಬಿಟ್ಟಿದ್ದೀರಲ್ಲ! ಒಳಗಿನ ಶಾಖ ಹಿಂದಿನಿಂದ ಆಚೆ ಹೋಗಬೇಕು. ಅಂಗೈ ಅಗಲ ಜಾಗ ಬಿಡಿ."

"ಜಾಗ ಉಳೀಲಿ ಅಂತ..." ಅಂದ್ರು ಇವರು.

"ಜಾಗ ಉಳೀತು, ಶಾಖಾನೂ ಉಳೀತು."

ಇಬ್ಬರೂ ಸೇರಿ ಫ್ರಿಜ್ಜು ಮುಂದಕ್ಕೆ ಎಳೆದ್ರು, ಅಲುಗಾಡದ ಹಾಗೆ ನೆಲಕ್ಕೆ ಬಿಗಿದ್ರು. ಒಂದು ತಟ್ಟೆಯಲ್ಲಿ ನೀರಿಟ್ಟು ಮಟ್ಟ ನೋಡಿದ್ರು. ಆಮೇಲೆ ಫ್ಯೂಸಕ್ಕ ಬ್ಯಾಟರಿ ಪೆಟ್ಟಿಗೆ ತೆಗೆದಳು. ಅದರ ಗಾಳಿ ಆಚೆ ಹೋಗೋಕೆ ಕೊಳವೆ ಇತ್ತು, ದಪ್ಪ ವೈರಿತ್ತು, ಫ್ಯೂಸಿತ್ತು. ನಮ್ಮನೆಯವರು ಎದೆ ಉಬ್ಬಿಸಿಕೊಂಡು ನನ್ನ ಕಡೆ ನೋಡಿದ್ರು. ಕೊನೆಗೆ ಇನ್ವರ್ಟರಿನ ಮೀಟರ್ ನೋಡಿ ಅವಳು ಹುಬ್ಬು ಗಂಟು ಹಾಕಿದಳು.

"ಇದೇನು, ಬ್ಯಾಟರಿ ತುಂಬಿ ತುಳುಕ್ತಿದೆ! ಫ್ರಿಜ್ಜು ಇಡೀ ದಿನ ಓಡಿದ್ರೆ ಸಂಜೆ ಹೊತ್ತಿಗೆ ಸ್ವಲ್ಪನಾದ್ರೂ ಇಳಿದಿರಬೇಕಲ್ಲ? ಇಲ್ಲಿ ಒಂಚೂರೂ ಖರ್ಚಾಗಿಲ್ಲ. ಹಗಲು ಹೊತ್ತು ಮನೇಲಿ ಯಾರಿರ್ತಾರೆ?"

ನಾವೆಲ್ಲ ಮಾವನ ಕಡೆ ತಿರುಗಿದ್ವಿ. ಅವರು ಹೊರಗೆ ನೆರಳಲ್ಲಿ ಕುರ್ಚಿ ಹಾಕ್ಕೊಂಡು ಕೂತಿದ್ರು. ಕೇಳಿಸಿದ್ರೂ ಕೇಳಿಸದವರ ಹಾಗೆ ಪೇಪರ್ ಓದ್ತಿದ್ರು. ಪೇಪರ್ ತಲೆಕೆಳಗಾಗಿತ್ತು.

"ಮಾವ?" ಅಂದೆ.

ಅವರು ಪೇಪರ್ ಮಡಚಿದ್ರು. "ನೀವು ಮೆಟ್ಟಿಲು ಇಳಿದ ಮೇಲೆ ಇನ್ವರ್ಟರ್ ಸ್ವಿಚ್ಚು ಆರಿಸಿ ನಾನೂ ಆಚೆ ನೆರಳಿಗೆ ಬರ್ತೀನಿ. ನೀವು ಬರೋ ಹೊತ್ತಿಗೆ ಮತ್ತೆ ಹಾಕ್ತೀನಿ. ನಲವತ್ತು ವರ್ಷದಿಂದ ಈ ಗಾಡೀಲಿ ಅದೇ ಕ್ರಮ ತಾನೆ? ಒಳಗೆ ಜನ ಇಲ್ಲದಾಗ ಬ್ಯಾಟರಿ ಮಲಗಬೇಕು."

ಅದು ನಿಜ. ಮಾವನ ಕಾಲದಲ್ಲಿ ಒಂದೇ ಬ್ಯಾಟರಿ, ಒಂದು ದೀಪ, ಒಂದು ರೇಡಿಯೋ. ಕೊನೆಗೆ ಇಳಿಯೋರು ಸ್ವಿಚ್ಚು ಆರಿಸಿ ಇಳಿಯಬೇಕು. ನಮ್ಮನೆಯವರಿಗೂ ಚಿಕ್ಕಂದಿನಲ್ಲಿ ಅದಕ್ಕೇ ಏಟು ಬಿದ್ದಿದೆಯಂತೆ. ಆದರೆ ಬಾಗಿಲು ಹಾಕಿದ ಟ್ರೈಲರ್ ಮಧ್ಯಾಹ್ನದ ಬಿಸಿಲಿಗೆ ಹೆಂಚಿನ ಹಾಗೆ ಕಾಯುತ್ತೆ. ಅದರೊಳಗೆ ಆರಿಸಿಟ್ಟ ಫ್ರಿಜ್ಜು, ಫ್ರಿಜ್ಜಿನೊಳಗೆ ಮಾವನ ಔಷಧಿ.

ನಾನು ಬಾಯಿ ತೆಗೆಯೋಕೆ ಮುಂಚೆ ಫ್ಯೂಸಕ್ಕ ನನ್ನ ಕೈ ಹಿಡಿದು ತಡೆದಳು. ಅವರ ಪಕ್ಕ ಕೂತು ಮೆಲ್ಲಗೆ ಕೇಳಿದಳು. "ಯಾಕೆ ದೊಡ್ಡಪ್ಪ? ಫ್ರಿಜ್ಜು ಕೆಟ್ಟದ್ದು ಅಂತಾನಾ?"

"ಇಲ್ಲಮ್ಮ." ಮಾವನ ಧ್ವನಿ ಸಣ್ಣಗಾಯ್ತು. "ಮಗು ಸಂಜೆ ಓದ್ತಾಳೆ. ಪರೀಕ್ಷೆ ಹತ್ರ ಬಂದ ಮೇಲೆ ಹೀಗೆ ಆರಿಸೋಕೆ ಶುರು ಮಾಡಿದೆ. ಇದು ಹಗಲೆಲ್ಲ ಕರೆಂಟು ಕುಡಿದುಬಿಟ್ರೆ ಅವಳ ದೀಪಕ್ಕೆ ಏನುಳಿಯುತ್ತೆ?"

ಆ ಮನುಷ್ಯನ ದಿಂಬಿನ ಕೆಳಗೆ ಮಿಠಾಯಿ ಹುಡುಕಿದ್ದೆ ನಾನು.

ಮಗಳು ಪುಸ್ತಕ ಅಲ್ಲೇ ಹಾಕಿ ಬಂದು ತಾತನ ಕುತ್ತಿಗೆಗೆ ಜೋತುಬಿದ್ದಳು. "ತಾತ, ನಿನ್ನ ಕಾಲು ಹೋದ್ರೆ ನಾನು ಪಾಸಾಗಿ ಏನು ಮಾಡ್ಲಿ? ಫಲಿತಾಂಶ ನೋಡೋಕೆ ನನ್ನ ಜೊತೆ ಯಾರು ನಡ್ಕೊಂಡು ಬರ್ತಾರೆ?"

ಫ್ಯೂಸಕ್ಕ ಮೂಗೊರೆಸಿಕೊಂಡು ಎದ್ದಳು. "ದೊಡ್ಡಪ್ಪ, ಲೆಕ್ಕ ನೀವು ತಿರುಗಾಮುರುಗಾ ಹಾಕಿದ್ದೀರಿ. ಹಗಲು ಮೇಲೆ ಬಿಸಿಲಿದೆ. ಪ್ಯಾನೆಲ್ಲಿಂದ ಬರೋ ಕರೆಂಟು ಫ್ರಿಜ್ಜನ್ನೂ ಓಡಿಸುತ್ತೆ, ಮಿಕ್ಕಿದ್ದು ಬ್ಯಾಟರಿ ತುಂಬುತ್ತೆ. ಬ್ಯಾಟರಿ ತುಂಬಿದ ಮೇಲೆ ಬರೋ ಬಿಸಿಲೆಲ್ಲ ವ್ಯರ್ಥ. ನೀವು ಉಳಿಸ್ತಿದ್ದದ್ದು ಏನೂ ಇಲ್ಲ. ಇನ್ನು ಆ ಮಗುವಿನ ದೀಪ ಎಷ್ಟು ಕರೆಂಟು ತಿನ್ನುತ್ತೆ ಅಂತೀರಿ? ಗುಬ್ಬಿ ತಿನ್ನೋಷ್ಟು."

"ಮಾತಲ್ಲಿ ಯಾರು ಬೇಕಾದ್ರೂ ಹೇಳ್ತಾರೆ" ಅಂದ್ರು ಮಾವ. "ತೋರಿಸು."

"ತೋರಿಸ್ತೀನಿ. ನಾಳೆ ಸ್ವಿಚ್ಚು ಮುಟ್ಟಬೇಡಿ. ಮೀಟರ್ ಮುಂದೆ ನೀವೇ ಕೂತು ಗಂಟೆಗೊಂದ್ಸಲ ಬರೆದಿಡಿ."

ಮಾರನೇ ದಿನ ಮಾವ ಬಾಗಿಲ ಹತ್ರ ಕುರ್ಚಿ ಹಾಕ್ಕೊಂಡು ಮೀಟರಿಗೆ ಕಾವಲು ಕೂತ್ರು. ಊಟಕ್ಕೆ ಬಂದಾಗ ನನ್ನನ್ನೂ ಒಳಗೆ ಬಿಡಲಿಲ್ಲ, "ಫ್ರಿಜ್ಜಿನ ಬಾಗಿಲು ತೆಗೆದ್ರೆ ಲೆಕ್ಕ ತಪ್ಪುತ್ತೆ" ಅಂತ. ಸಂಜೆ ಹೊತ್ತಿಗೆ ಬ್ಯಾಟರಿ ಮುಕ್ಕಾಲಿಗಿಂತ ಮೇಲಿತ್ತು. ಥರ್ಮಾಮೀಟರ್ ಐದು ತೋರಿಸ್ತಿತ್ತು. ಮಗಳು ಊಟ ಆದ ಮೇಲೆ ಎರಡು ತಾಸು ಓದಿದಳು, ಮೀಟರಿನ ಮುಳ್ಳು ಅಲುಗಾಡಿದ್ದೂ ಕಾಣಲಿಲ್ಲ. ಮಾವ ಕನ್ನಡಕ ಒರೆಸಿ ಮತ್ತೆ ನೋಡಿದ್ರು.

"ಮೋಡ ಕವಿದ್ರೆ?" ಅಂದ್ರು. ಸೋಲು ಒಪ್ಪೋ ಜನ ಅಲ್ಲ ಅವರು.

ಮೀಟರ್ ನೋಡೋಕೆ ಬಂದಿದ್ದ ಫ್ಯೂಸಕ್ಕ ಬಾಯಿ ತೆಗೆಯೋ ಮುಂಚೆ ನಮ್ಮನೆಯವರು ಜಾಣತನ ತೋರಿಸಿದ್ರು. "ಒಳಗೊಂದು ಜನರೇಟರ್ ಇಟ್ಟು ಹಚ್ಚಿದ್ರಾಯ್ತು."

"ಅಯ್ಯೋ ದೇವರೇ!" ಫ್ಯೂಸಕ್ಕ ಕೂಗಿದ್ದಕ್ಕೆ ನನಗೇ ನಾಚಿಕೆ ಆಯ್ತು, ನನ್ನನ್ನೂ ಮೀರಿಸಿದಳಲ್ಲ ಅಂತ. "ಅದರ ಹೊಗೇಲಿರೋ ವಿಷಕ್ಕೆ ವಾಸನೆ ಕೂಡ ಇಲ್ಲ ಅಣ್ಣ. ಮಲಗಿದೋರು ಮಲಗಿದ ಹಾಗೇ ಹೋಗಿಬಿಡ್ತಾರೆ. ಜನರೇಟರ್ ಹಚ್ಚೋದಾದ್ರೆ ಕಿಟಕಿ ಬಾಗಿಲಿಂದ ದೂರ, ಬಯಲಲ್ಲಿ. ಬ್ಯಾಟರಿ ಅರ್ಧಕ್ಕಿಂತ ಕೆಳಗಿಳಿದ್ರೆ ಕೆಲಸ ಮಾಡೋ ಕಡೆಯವರನ್ನ ಕೇಳಿ, ಅರ್ತಿಂಗ್ ಇರೋ ಪ್ಲಗ್ಗಿಂದ ಕರೆಂಟು ತಗೊಳ್ಳಿ. ಕಂಬಕ್ಕೆ ಕೊಕ್ಕೆ ಹಾಕೋ ಆಟ ಬೇಡ."

ಕಾವಿಗೆ ಸಿಕ್ಕ ಬಾಟಲಿಗಳನ್ನೆಲ್ಲ ನರ್ಸಮ್ಮ ವಾಪಸ್ ತಗೊಂಡು ಹೊಸ ಔಷಧಿ ಕೊಟ್ರು. "ಐಸ್ ಆಗೋ ಪೆಟ್ಟಿಗೆ ಹತ್ರ, ಹಿಂದಿನ ಗೋಡೆಗೆ ತಾಗಿಸಿ ಇಡಬೇಡಿ, ಹೆಪ್ಪುಗಟ್ಟಿದ್ರೂ ಕೆಡುತ್ತೆ" ಅಂದ್ರು. ದಿನ ಬಿಟ್ಟು ದಿನ ಬಂದು ಗಾಯ ತೊಳೆದು ಕಟ್ಟಿದ್ರು. ನಾನು ಒಂದು ಸಂಜೆ ಮಾವನ ಪಕ್ಕ ಕೂತು, "ಅವತ್ತು ತಪ್ಪು ಮಾತಾಡಿದೆ ಮಾವ" ಅಂದೆ. ಅವರು ನನ್ನ ತಲೆ ಮೇಲೆ ಕೈಯಿಟ್ಟು, "ನೀನು ಬೈಯದೆ ಸುಮ್ಮನಿದ್ದಿದ್ರೆ ನನಗೆ ಭಯ ಆಗ್ತಿತ್ತು" ಅಂದ್ರು. ನಗು ಬಂತು, ಅಳುವೂ ಬಂತು.

ಈಗ ಫ್ರಿಜ್ಜಿನ ಯಜಮಾನಿಕೆ ಪೂರ್ತಿ ಮಾವನದೇ. ಊರು ಬಿಡೋ ದಿನ ಬಾಗಿಲಿಗೆ ಚಿಲಕ ಹಾಕಿ, ಮೇಲೆ ಪಟ್ಟಿ ಬಿಗಿದು, ಮೂರು ಸಲ ಎಳೆದು ನೋಡ್ತಾರೆ. ಜೀಪು ಓಡುವಾಗಲೂ ಫ್ರಿಜ್ಜು ಓಡ್ತಿರುತ್ತೆ, ದಾರಿಯಲ್ಲಿ ಯಾರೂ ತೆಗೆಯೋ ಹಾಗಿಲ್ಲ. ಹೊಸ ಜಾಗಕ್ಕೆ ಹೋದ ತಕ್ಷಣ ನೀರಿನ ತಟ್ಟೆ ಇಟ್ಟು ಮಟ್ಟ ನೋಡ್ತಾರೆ, ಬೆಳಗ್ಗೆ ಸಂಜೆ ಥರ್ಮಾಮೀಟರ್ ಓದ್ತಾರೆ. ನಾನು ಫ್ರಿಜ್ಜಿನ ಮುಂದೆ ಎರಡು ನಿಮಿಷ ಯೋಚನೆ ಮಾಡ್ತಾ ನಿಂತ್ರೆ, "ತಂಪೆಲ್ಲ ಆಚೆ ಹೋಯ್ತು, ಬಾಗಿಲು ಹಾಕೇ!" ಅಂತ ಕೂಗ್ತಾರೆ.

ಆ ಸಲ ಮಾತ್ರ ಮಗಳ ಫಲಿತಾಂಶ ಬರೋವರೆಗೆ ಆ ಶಾಲೆ ಹತ್ರಾನೇ ಉಳಿದ್ವಿ. ಹೊಸ ಔಷಧಿ ಶುರುವಾದ ಏಳನೇ ವಾರ ನರ್ಸಮ್ಮ ಕಟ್ಟು ಬಿಚ್ಚಿ, "ಒಣಗಿದೆ, ಇನ್ನು ಕಟ್ಟೋದು ಬೇಡ" ಅಂದ್ರು. ಫಲಿತಾಂಶದ ದಿನ ಮಗಳು ಶಾಲೆಗೆ ಹೊರಟಾಗ ಮಾವ ಚಪ್ಪಲಿ ಹಾಕ್ಕೊಂಡು ಅವಳಿಗಿಂತ ಮುಂದೆ ನಡೆದ್ರು. "ತಾತ, ನಿಧಾನ!" ಅಂತ ಅವಳು ಹಿಂದೆ ಓಡಿದಳು.

ಚಕ್ರದ ಮೇಲೆ ಮನೆ ಕಟ್ಟಿಕೊಂಡ ಅಕ್ಕ ತಂಗೀರೇ, ಅಣ್ಣ ತಮ್ಮಂದಿರೇ, ನಿಮ್ಮ ಫ್ರಿಜ್ಜು ಗುಂಯ್ ಅನ್ನೋದನ್ನ ನಂಬಬೇಡಿ. ಒಳಗೊಂದು ಥರ್ಮಾಮೀಟರ್ ಇಡಿ, ಹಿಂದೆ ಗಾಳಿಗೆ ಜಾಗ ಬಿಡಿ, ಹಗಲಲ್ಲಿ ಅದನ್ನ ಆರಿಸಬೇಡಿ. ಔಷಧಿ ಕಾವಿಗೆ ಸಿಕ್ಕಿದೆ ಅನ್ನೋ ಅನುಮಾನ ಬಂದ್ರೆ ಚುಚ್ಚಿಕೊಳ್ಳೋ ಮುಂಚೆ ನಿಮ್ಮ ನರ್ಸಮ್ಮನ್ನ ಕೇಳಿ. ಇನ್ನೊಂದು ಮಾತು. ನಿಮ್ಮ ಮನೇಲೂ ಯಾರೋ ಒಬ್ಬರು ನಿಮ್ಮ ಮೇಲಿನ ಪ್ರೀತಿಗೆ, ನಿಮಗೇ ಗೊತ್ತಾಗದ ಹಾಗೆ ಸ್ವಿಚ್ಚು ಆರಿಸ್ತಿರಬಹುದು. ಇವತ್ತೇ ಕೇಳಿ. ನನ್ನ ಹಾಗೆ ಬೈದು ಕೇಳಬೇಡಿ, ಪಕ್ಕದಲ್ಲಿ ಕೂತು ಕೇಳಿ.